ಎರಡು ನಿಮಿಷ ಹದಿನೇಳನೇ ಸೆಕೆಂಡು

ಕನ್ನಡಿ ಬೇಕಂತೆ, ಒಡೆಯಲಿಕ್ಕೆ.
ಜೂನ್ ತಿಂಗಳು. ಬೈತಖೋಲದ ಬೋಟೆಲ್ಲ ದಡಕ್ಕೆ ಬಂದು
ತಾಡಪತ್ರಿ ಹೊದ್ದು ಮಲಗಿದ ಹೊತ್ತು.
ಉದ್ದೇಶ ತಾಂಡೇಲ ಬಂದ, ಬೆನ್ನುದ್ದ ಕೂದಲು,
ನನ್ನ ಕತ್ತರಿಗೆ ಐದು ವರ್ಷದ ಬಾಕಿದಾರ.
"ಸಾತೂಮಾಮಾ, ನಮ್ಮದೊಂದು ಹಾಡು, ಮೆಟಲ್ಲು.
ಅದಕ್ಕೊಂದು ವಿಡಿಯೋ. ಫೋನಿನೊಳಗೆ ಕೂತು
ಜನ ತಮ್ಮ ಮುಖ ತಾವೇ ತಿನ್ನುತ್ತಿದ್ದಾರೆ
ಅಂತ ಎಚ್ಚರಿಕೆ."
ಯಾರಿಗೆ, ಅಂದೆ.
"ಜನರಿಗೆ."

ಅಪ್ಪ ಹುಬ್ಬಳ್ಳಿಯಿಂದ ಲಾರಿಯಲ್ಲಿ
ಹುಲ್ಲು ಸುತ್ತಿ ತಂದ ಕನ್ನಡಿ ಅದು.
ಪಾದರಸ ಎದ್ದು ಈಗ ಯಾರ ಎಡಗೆನ್ನೆಯನ್ನೂ ತೋರಿಸುವುದಿಲ್ಲ.
ಅದರಲ್ಲಿ ಮೊದಲ ಮೀಸೆ ನೋಡಿಕೊಂಡವರು
ಅದರಲ್ಲೇ ಮೊದಲ ನರೆ ಹುಡುಕಿದರು.
ಈಗ ಕುರ್ಚಿಗೆ ಕೂತವರ ತಲೆ ಅಂಗೈಗೆ ಬಾಗಿರುತ್ತದೆ;
ಗಲ್ಲ ಎತ್ತಿ ಅಂದರೆ
ಫೋನನ್ನೂ ಎತ್ತುತ್ತಾರೆ.
ಒಯ್ಯಿ, ಅಂದೆ.

ಐಸ್ ಫ್ಯಾಕ್ಟರಿ. ಬೋಟು ನಿಂತ ಎರಡು ತಿಂಗಳು
ಅಲ್ಲಿ ಹೆಪ್ಪುಗಟ್ಟುವುದು ಕತ್ತಲೆಯೊಂದೇ.
ಅಮೋನಿಯಾ ಪೈಪಿನ ಕೆಳಗೆ ಜೊವಿತಾಳ ಡ್ರಮ್ಮು,
ಯಲ್ಲಾಪುರದಿಂದ ಬಸ್ಸು ಹಿಡಿದು ಬಂದ
ಲಾರೆನ್ಸ ಸಿದ್ದಿಯ ಗಿಟಾರು,
ಬಂದರಿನ ನಾಯಿಗಳೆಲ್ಲ ಗೇಟಿನಾಚೆ ಸಾಲಾಗಿ.
ಉದ್ದೇಶ ಬಾಯಿ ತೆರೆದ.
ಆಗಸ್ಟ್ ಒಂದನೇ ತಾರೀಕು
ಥಂಡಿ ಹಿಡಿದ ಟ್ರಾಲರ್ ಇಂಜಿನ್ನು
ಕೆಮ್ಮಿ ಕೆಮ್ಮಿ ಹತ್ತಿಕೊಳ್ಳುತ್ತದಲ್ಲ,
ಆ ದನಿ, ಈ ಹುಡುಗನ ಹೊಟ್ಟೆಯಿಂದ.
ಶಬ್ದ ಒಂದೂ ತಿಳಿಯಲಿಲ್ಲ. ಆಮೇಲೆ ಚೀಟಿಯಲ್ಲಿ ಬರೆದುಕೊಟ್ಟ:
ನಿನ್ನ ಮುಖವೇ ಗಾಳ
ಕಚ್ಚಿದ ಮೀನೂ ನೀನೆ
ದರ ಕೂಗುವವ ಮಾತ್ರ ಬೇರೆ.
ಚೆನ್ನಾಗಿದೆ, ಇದನ್ನೇ ಮೆಲ್ಲಗೆ ಹೇಳಬಾರದೇ?
"ಮೆಲ್ಲಗೆ ಹೇಳಿದರೆ ಯಾರು ಕೇಳ್ತಾರೆ ಮಾಮಾ!"

ಕಣ್ಣಿಗೆ ಕಟ್ಟುವ ಕಪ್ಪು ಡಬ್ಬಿಯೊಂದಿತ್ತು. ನನಗೂ ಕಟ್ಟಿದರು.
ಒಳಗೊಂದು ಸಮುದ್ರ. ನೀಲಿ ಅಂದರೆ ನೀಲಿ.
ತೆರೆ ಬರುತ್ತದೆ, ಕಾಲು ಒದ್ದೆಯಾಗುವುದಿಲ್ಲ.
ಮೀನಿದೆ, ವಾಸನೆಯಿಲ್ಲ,
ನೌಕಾನೆಲೆಯ ಬೇಲಿಯಿಲ್ಲ.
ಬಿಣಗಾ ದಾಟಿ, ಅಜ್ಜನ ಮನೆಯಿದ್ದ ದಂಡೆಯವರೆಗೂ
ನಡೆದುಹೋಗಬಹುದು, ಯಾರೂ ಪಾಸು ಕೇಳುವುದಿಲ್ಲ.
ಕೈ ಚಾಚಿದೆ. ತಣ್ಣಗಿನ ಗೋಡೆ.
ಇನ್ನೂ ಸ್ವಲ್ಪ ಹೊತ್ತು ಬಿಚ್ಚಬೇಡಿ ಅಂದೆನಂತೆ.
ನನಗೆ ನೆನಪಿಲ್ಲ.

ಆಮೇಲೆ ಕನ್ನಡಿಯ ಪಾಳಿ.
ಉದ್ದೇಶ ಸುತ್ತಿಗೆ ಎತ್ತಿದ, ತಡೆದ,
ಅದರಲ್ಲೇ ನೋಡಿ ಕೂದಲು ಸರಿಮಾಡಿಕೊಂಡ,
ಮತ್ತೆ ಎತ್ತಿದ. ಬೆಳಕು ಸರಿಯಿಲ್ಲವಂತೆ.
ಹೀಗೆ ಆರು ಸಲ. ಏಳನೆಯದಕ್ಕೆ
ಅಪ್ಪನ ಸಲೂನು ನೆಲಕ್ಕೆ ಸುರಿಯಿತು ಐಸಿನ ಪುಡಿಯ ಹಾಗೆ,
ಚೂರು ಚೂರಿನಲ್ಲೂ ಒಬ್ಬೊಬ್ಬ ಉದ್ದೇಶ.
ಎಲ್ಲರೂ ಕ್ಯಾಮೆರಾದ ಸುತ್ತ ನೆರೆದರು, ಬಂದಿದೆಯೋ ನೋಡಲು.
ಜೊವಿತಾ ಪೊರಕೆ ಹುಡುಕಿ ತಂದಳು.
"ಸೀಜನ್ನಿಗೆ ಹೆಂಗಸರು ಇಲ್ಲಿ ಬರಿಗಾಲಲ್ಲಿ ಓಡಾಡ್ತಾರೆ."

ವಿಡಿಯೋ ಬಂತು. ನೋಡಿದವರು ಮುನ್ನೂರ ಹನ್ನೆರಡು.
ದಿನಾ ಬಂದು ಬೆಂಚಿನ ಮೇಲೆ ಕೂತು ಉದ್ದೇಶ ಲೆಕ್ಕ ಹೇಳುತ್ತಾನೆ:
ಮುನ್ನೂರ ಮೂವತ್ತು. ಮುನ್ನೂರ ಮೂವತ್ತೊಂದು.
ಈಚೆಗೆ ಏರಿದ್ದೆಲ್ಲ ನಾನೇ ಎಂದು ಅವನಿಗೆ ಹೇಳಿಲ್ಲ.

ಎರಡು ನಿಮಿಷ ಹದಿನೇಳನೇ ಸೆಕೆಂಡು.
ಸುತ್ತಿಗೆ ತಾಗುವುದಕ್ಕೆ ಮುಂಚೆ
ಪಾದರಸ ಎದ್ದ ಮೂಲೆಯ ಪಕ್ಕ
ಹೆಗಲಿಗೆ ಟವೆಲು ಹಾಕಿಕೊಂಡು ಒಬ್ಬ ನಿಂತಿದ್ದಾನೆ.
ನಲವತ್ತು ವರ್ಷ ಆ ಕನ್ನಡಿಯಲ್ಲಿ
ಯಾರದೋ ತಲೆಯ ಹಿಂದೆಯೇ ಇದ್ದೆ.
ಇಲ್ಲಿ ನನ್ನ ಮುಂದೆ ಯಾರೂ ಇಲ್ಲ.
ನಿಲ್ಲಿಸುತ್ತೇನೆ. ಎರಡು ಬೆರಳಲ್ಲಿ ಹಿಗ್ಗಿಸುತ್ತೇನೆ.
ಮೂಗು ಅಪ್ಪನದೇ.
ಹಿಂದಕ್ಕೆ ಸರಿಸಿ, ಇನ್ನೊಮ್ಮೆ.

"ಸಾತೂಮಾಮಾ," ಕುರ್ಚಿಯಿಂದ ಯಾರೋ,
"ಸಾಬೂನು ಒಣಗ್ತಾ ಇದೆ."